ಉಳಿದದ್ದೆಲ್ಲ ಹುನಗುಂದಕ್ಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಹದಿನೆಂಟು ವರ್ಷಗಳಿಂದ ದಾರಿ ತೋರಿಸುವ ವಿದ್ಯೆಯನ್ನು ಕಲಿಸುತ್ತಿರುವ ನನಗೆ, ನವನಗರದಲ್ಲಿ ನನ್ನ ಸ್ವಂತ ಮನೆಗೆ ಹೋಗುವ ದಾರಿ ಈಗಲೂ ತಿಂಗಳಿಗೊಮ್ಮೆ ತಪ್ಪುತ್ತದೆ. ತಪ್ಪು ನನ್ನೊಬ್ಬಳದೇ ಅಲ್ಲ ಎಂದು ವಾದಿಸಬಹುದು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದಾಗ ಅಳತೆಪಟ್ಟಿ ಇಟ್ಟು ಗೆರೆ ಎಳೆದು ಕಟ್ಟಿದ ಊರು ಇದು. ಒಂದು ಸೆಕ್ಟರಿನ ಹಾಗೇ ಇನ್ನೊಂದು ಸೆಕ್ಟರು, ಒಂದು ಕ್ರಾಸಿನ ಹಾಗೇ ಇನ್ನೊಂದು ಕ್ರಾಸು, ಮೂಲೆಗೊಂದು ಬೇವಿನ ಗಿಡ, ಗಿಡದ ಕೆಳಗೊಂದು ಇಸ್ತ್ರಿ ಗಾಡಿ. ಒಂದು ಸಂಜೆ ಏನೋ ಯೋಚಿಸುತ್ತ ಸ್ಕೂಟರು ನಿಲ್ಲಿಸಿ, ಗೇಟು ತೆಗೆದು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕುರ್ಚಿಯಲ್ಲಿ ಕುಸಿದು ಕೂತು, "ಒಂದು ಕಪ್ ಚಹಾ ಮಾಡ್ರಿ, ತಲಿ ಹಿಡದೈತಿ" ಎಂದೆ. ಮನೆ ಪಕ್ಕದ ಸೆಕ್ಟರಿನದು. ನಂಬರು ಮಾತ್ರ ನಮ್ಮದೇ. ಆ ಮನೆಯವರು ಭಾಳ ಒಳ್ಳೆಯ ಜನ. ಯಾವುದೋ ಕಡೆಯ ಬೀಗರಿರಬೇಕೆಂದುಕೊಂಡು ಚಹಾದ ಜೊತೆ ಚೂಡಾ ಕೂಡ ಕೊಟ್ಟರು. ಅರ್ಧ ಚೂಡಾ ಮುಗಿದ ಮೇಲೆ, ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ ಇರಬೇಕಾದಲ್ಲಿ ಬೇರೆ ಯಾರದೋ ಮದುವೆಯಾಗುತ್ತಿರುವುದು ಕಂಡು ನನಗೆ ಎಚ್ಚರವಾಯಿತು.

ಈ ಅವಮಾನವನ್ನು ನಾನು ವ್ಯರ್ಥವಾಗಲು ಬಿಡಲಿಲ್ಲ. ಮರುದಿನವೇ ಕ್ಲಾಸಿನಲ್ಲಿ ಪಾಠಕ್ಕೆ ಹಚ್ಚಿದೆ. ಕಂಪ್ಯೂಟರಿನ ವಿಳಾಸವೂ ನವನಗರದ ವಿಳಾಸದಂತೆಯೇ ಎರಡು ತುಂಡಿನದು. ಮೊದಲ ತುಂಡು ಸೆಕ್ಟರು, ಎರಡನೆಯ ತುಂಡು ಮನೆ ನಂಬರು. ಮನೆ ನಂಬರು ಎಷ್ಟೇ ಸರಿಯಿರಲಿ, ಸೆಕ್ಟರು ತಪ್ಪಿದರೆ ಕಂಡವರ ಮನೆಯ ಚೂಡಾ ತಿನ್ನಬೇಕಾಗುತ್ತದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಮಾತು, ಚಿತ್ರ, ಹಾಡು ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತವೆ. ಅವಕ್ಕೆ ಪ್ಯಾಕೆಟ್ಟು ಎಂದು ಹೆಸರು. ಕೂಡುದಾರಿಗಳಲ್ಲಿ ರೌಟರು ಎಂಬ ಪೆಟ್ಟಿಗೆ ಕೂತು, ಬಂದ ಪ್ಯಾಕೆಟ್ಟಿನ ಸೆಕ್ಟರು ನೋಡಿ ಆ ಕಡೆ ಈ ಕಡೆ ಸಾಗಹಾಕುತ್ತಿರುತ್ತದೆ. ಆ ಪೆಟ್ಟಿಗೆಗೆ ಲೋಕದ ದಾರಿಯೆಲ್ಲ ಗೊತ್ತಿರುತ್ತದೆಂದು ವಿದ್ಯಾರ್ಥಿಗಳು ನಂಬಿರುತ್ತಾರೆ. ಏನೂ ಗೊತ್ತಿರುವುದಿಲ್ಲ. ಇಂಥ ಕಡೆಯದು ಬಂದರೆ ಮುಂದೆ ಯಾರ ಕೈಗೆ ಕೊಡಬೇಕು, ಅದೊಂದೇ ಗೊತ್ತು. ಸರಕಾರಿ ಕಚೇರಿಯ ಒಂದನೇ ಟೇಬಲಿನವರಿಗೆ ಎರಡನೇ ಟೇಬಲು ಗೊತ್ತಿರುವಷ್ಟೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಬುತ್ತಿಯಿಂದ. ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಓದುವಾಗ ಇಳಕಲ್ಲಿನಿಂದ ಅವ್ವ ವಾರಕ್ಕೆರಡು ಸಲ ನನಗೆ ಬಸ್ಸಿನ ಮೇಲೆ ಬುತ್ತಿ ಕಳಿಸುತ್ತಿದ್ದಳು. ನಮ್ಮ ಸೀಮೆಯಲ್ಲಿ ಬಸ್ಸು ಇರುವುದು ಮುಖ್ಯವಾಗಿ ರೊಟ್ಟಿ ಸಾಗಿಸಲಿಕ್ಕೆ. ಜಾಗ ಉಳಿದರೆ ಮನುಷ್ಯರೂ ಹತ್ತುತ್ತಾರೆ. ಅವ್ವನಿಗೆ ನನ್ನ ಹಾಸ್ಟೆಲು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಹುನಗುಂದದ ಬಸ್ ಸ್ಟ್ಯಾಂಡಿನ ಎದುರು ಅಪ್ಪನ ತಮ್ಮ ಸಂಗಪ್ಪ ಕಾಕಾನ ಸೈಕಲ್ ಅಂಗಡಿ ಇದೆ ಎಂದು ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಕಾಕಾನಿಗೂ ನನ್ನ ಹಾಸ್ಟೆಲು ಗೊತ್ತಿರಲಿಲ್ಲ. ಬಾಗಲಕೋಟೆಯ ಬಸ್ಸು ಯಾವುದು ಎಂದು ಗೊತ್ತಿತ್ತು. ಯಾರಿಗೂ ಪೂರ್ತಿ ದಾರಿ ಗೊತ್ತಿಲ್ಲದೆ ನಾಲ್ಕು ವರ್ಷ ನಾನು ಬಿಸಿಯಲ್ಲದಿದ್ದರೂ ಮೆತ್ತಗಿನ ರೊಟ್ಟಿ ತಿಂದೆ.

ರೌಟರಿನ ಹೊಟ್ಟೆಯೊಳಗೆ ಒಂದು ಪಟ್ಟಿ ಇರುತ್ತದೆ. ಇಂಥ ಊರಿನದು ಬಂದರೆ ಇಂಥವರ ಕೈಗೆ ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಕೆಲವು ಸಾಲುಗಳನ್ನು ರೌಟರುಗಳು ಓಣಿಯ ಹೆಂಗಸರಂತೆ ತಮ್ಮತಮ್ಮಲ್ಲಿ ಮಾತಾಡಿಕೊಂಡು ತಾವೇ ಬರೆದುಕೊಳ್ಳುತ್ತವೆ. ಕೆಲವನ್ನು ನನ್ನಂಥವರು ಕೈಯಾರೆ ಬರೆಯುತ್ತೇವೆ. ಹೀಗೆ ಕೈಯಿಂದ ಬರೆದದ್ದು ಸ್ಟ್ಯಾಟಿಕ್ ರೂಟು. ಪಟ್ಟಿಯಲ್ಲಿ ಯಾವ ಸಾಲಿಗೂ ಹೊಂದದ ವಿಳಾಸವೊಂದು ಬಂದರೆ? ಅದಕ್ಕೆಂದು ಕೊನೆಯಲ್ಲಿ ಒಂದು ಸಾಲು, ಉಳಿದದ್ದೆಲ್ಲ ಇವರ ಕೈಗೆ ಎಂದು. ಅದು ಡಿಫಾಲ್ಟ್ ರೂಟು. ಅದನ್ನು ಬರೆಯುವುದು ನಾಲ್ಕು ಸೊನ್ನೆ ಇಟ್ಟು. ನನಗೇನೂ ಗೊತ್ತಿಲ್ಲ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಬರೆದುಕೊಡುವ ಇನ್ನೊಂದು ಯಂತ್ರವನ್ನು ನಾನು ಕಂಡಿಲ್ಲ, ಮನುಷ್ಯರನ್ನಂತೂ ಕಂಡೇ ಇಲ್ಲ.

ಕಂಡಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಗಂಡ ಇದ್ದಾರೆ. ಅವರ ಪಟ್ಟಿಯಲ್ಲಿ ಇರುವುದು ಆ ಒಂದೇ ಸಾಲು. ಉಪ್ಪಿನ ಡಬ್ಬಿ ಎಲ್ಲಿದೆ, ಗ್ಯಾಸ್ ಯಾವಾಗ ತುಂಬಿಸಿದ್ದು, ಅವರ ಸ್ವಂತ ಅಕ್ಕನ ಮಗನ ಹೆಸರೇನು, ಯಾವುದನ್ನು ಯಾರು ಕೇಳಿದರೂ ಪೇಪರಿನಿಂದ ತಲೆ ಎತ್ತದೆ "ಅಕಿನ್ನ ಕೇಳ್ರಿ" ಎನ್ನುತ್ತಾರೆ. ಒಮ್ಮೆ ದವಾಖಾನೆಯಲ್ಲಿ ಡಾಕ್ಟರು "ಎಲ್ಲಿ ನೋವೈತ್ರಿ?" ಎಂದು ಕೇಳಿದಾಗಲೂ ನನ್ನ ಮುಖ ನೋಡಿದರು.

ಸ್ಟ್ಯಾಟಿಕ್ ರೂಟಿನ ಗುಣವೆಂದರೆ ಅದು ಮಾತಿಗೆ ತಪ್ಪುವುದಿಲ್ಲ. ಅವಗುಣವೆಂದರೂ ಅದೇ. ಬರೆದವರು ಬಂದು ಅಳಿಸುವ ತನಕ ಅದು ಕದಲುವುದಿಲ್ಲ. ರೌಟರಿಗೆ ಅದರ ಮೇಲೆ ಎಷ್ಟು ನಂಬಿಕೆಯೆಂದರೆ, ಅಕ್ಕಪಕ್ಕದ ರೌಟರುಗಳೆಲ್ಲ ಸೇರಿ ಬೇರೆ ದಾರಿ ಹೇಳಿದರೂ ಕೈಬರಹವೇ ಗೆಲ್ಲುತ್ತದೆ. ಅದಕ್ಕಿಂತ ಹೆಚ್ಚು ನಂಬುವುದು ತನಗೇ ನೇರವಾಗಿ ಜೋಡಿಸಿದ್ದನ್ನು ಮಾತ್ರ. ನಮ್ಮ ಮಾವನವರ ತಲೆಯೂ ಇದೇ ಕಂಪನಿಯದು. ಅವರು ಯಾರಿಗೆ ದಾರಿ ಹೇಳಿದರೂ ಹಳೇ ಬಾಗಲಕೋಟೆಯ ಮೇಲೆಯೇ ಹೇಳುತ್ತಾರೆ. ಒಂದು ಸಲ ಯಾರೋ ಪಾಪ ಅವಸರದಲ್ಲಿ ಬಂದು ಕೇಳಿದರೆ, "ಸೀದಾ ಹೋಗ್ರಿ, ಎಣ್ಣಿ ಗಾಣ ಬರ್ತೈತಿ, ಅಲ್ಲಿ ಬಲಕ್ಕ ಹೊಳ್ಳ್ರಿ" ಎಂದು ಕಳಿಸಿಬಿಟ್ಟರು. "ಆ ಗಾಣ ನೀರಾಗ ಮುಳುಗೇತ್ರಿ ಮಾವನಾರ" ಎಂದೆ. ಅವರು ಒಂದಿಷ್ಟೂ ವಿಚಲಿತರಾಗದೆ, "ಬ್ಯಾಸಿಗ್ಯಾಗ ಕಾಣತೈತಿ" ಎಂದರು. ಆಗ ಮಳೆಗಾಲ.

ಇಷ್ಟು ಪೀಠಿಕೆ ಯಾಕೆಂದರೆ, ಮಾವನವರನ್ನು ನೋಡಿ ನಕ್ಕ ನಾನು ಈ ವರ್ಷ ಮಾಡಿಟ್ಟ ಘನಕಾರ್ಯವನ್ನು ಹೇಳಬೇಕಾಗಿದೆ.

ನನ್ನ ತಂಗಿ ಶೈಲಾಳನ್ನು ಬಾದಾಮಿಗೆ ಕೊಟ್ಟಿದೆ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಈಗ ಬಸುರಾಗಿದ್ದಾಳೆ. ಆ ಸುದ್ದಿಯನ್ನು ಫೋನಿನಲ್ಲಿ ಹೇಳಿದಳು. ಇಬ್ಬರೂ ಮೂಗು ಸೇದುತ್ತ ಐದು ನಿಮಿಷ ಕಳೆದೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕುಬಸದ ಕಾರ್ಯವನ್ನು ಸದ್ದಿಲ್ಲದೆ ಮನೆಮಟ್ಟಿಗೆ ಮಾಡಬೇಕೆಂದು ಅವಳ ಅತ್ತೆ ತೀರ್ಮಾನಿಸಿದರು. ಹನ್ನೊಂದು ವರ್ಷ ಕಾದು ಬಂದದ್ದಕ್ಕೆ ಯಾರ ದೃಷ್ಟಿಯೂ ತಾಗಬಾರದು. ಊರೂರಿಗೆ ಕರೆ ಹೋಗಲಿಲ್ಲ. ಭಾನುವಾರ ಹನ್ನೆರಡು ಗಂಟೆಯೊಳಗೆ ಉಡಿ ತುಂಬುವುದು, ತವರಿನ ಕಡೆಯಿಂದ ನಾನೊಬ್ಬಳು ಹೋಗುವುದು ಎಂದಾಯಿತು.

ಅವ್ವ ಇಳಕಲ್ಲಿನಲ್ಲಿ ಚಿಗವ್ವನ ತುಂಬಿದ ಮನೆಯಲ್ಲಿರುತ್ತಾಳೆ. ಮೂರು ವರ್ಷದ ಹಿಂದೆ ಮೊಣಕಾಲು ಹಿಡಿದು ಎರಡು ತಿಂಗಳು ಮಲಗಿದ್ದಳು. ಅಂದಿನಿಂದ ಅವ್ವ ಎಲ್ಲಿಗೂ ಬರುವುದಿಲ್ಲ ಎಂಬುದು ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಶೈಲಾ ಕೇಳಿದ್ದು ಒಂದೇ. "ಅವ್ವ ಅಂತೂ ಬರಂಗಿಲ್ಲ. ಅವ್ವನ ಸೀರಿಯರ ಬರ್ಲಿ ಅಕ್ಕಾ." ನಾವಿಬ್ಬರೂ ಹೊಟ್ಟೆಯಲ್ಲಿದ್ದಾಗ ಅವ್ವ ಉಟ್ಟು ಕೂತ ಹಸಿರು ಇಳಕಲ್ಲ ಸೀರೆ, ಕೆಂಪು ಸೆರಗಿನದು, ಅವಳ ಟ್ರಂಕಿನ ತಳದಲ್ಲಿತ್ತು. ಅತ್ತೆ ತಂದ ಹೊಸ ರೇಷ್ಮೆ ಸೀರೆಯನ್ನು ಶೈಲಾ ಮಡಚಿ ಬದಿಗಿಟ್ಟಿದ್ದಳು. "ಅವ್ವನ ಸೀರಿ ಬಂದ್ರ ಮಣೀ ಮ್ಯಾಲ ಕೂಡ್ತೇನಿ. ಇಲ್ಲಂದ್ರ ಕೂಡಂಗಿಲ್ಲ." ಸಣ್ಣವಳಿದ್ದಾಗ ಕಡ್ಡಿ ಐಸಿನ ಬರ್ಫಕ್ಕಾಗಿ ಇಳಕಲ್ಲಿನ ನಡುಪೇಟೆಯಲ್ಲಿ ಮಲಗಿಬಿಡುತ್ತಿದ್ದ ಹುಡುಗಿ ಅವಳು. ಹಟ ನನಗೆ ಗೊತ್ತಿತ್ತು.

ಇಳಕಲ್ಲಿಗೆ ಹೋಗಿ ಸೀರೆ ತರುವುದು ನನಗೆ ಒಂದು ದಿನದ ಕೆಲಸ. ಆದರೆ ನಾನು ಮಾಡಿಟ್ಟ ಅಷ್ಟು ಚೆಂದದ ವ್ಯವಸ್ಥೆ ಇರುವಾಗ ಸಾಮಾನ್ಯ ಜನರಂತೆ ಹೋಗಿ ತರುವುದೆಂದರೇನು?

ಆ ವ್ಯವಸ್ಥೆಯ ಕಥೆ ಹೀಗೆ. ಇಳಕಲ್ಲಿನಿಂದ ಬಾದಾಮಿಗೆ ಹೋಗುವ ಚೀಲಗಳೆಲ್ಲ ಗುಡೂರಿನ ಮೇಲೆ ಹೋಗುತ್ತಿದ್ದವು. ಅಲ್ಲಿ ಬಸ್ಸು ನಿಲ್ಲುವಲ್ಲೇ ಅವ್ವನ ತಮ್ಮ ಗುರಪ್ಪ ಮಾಮಾನ ಕಿರಾಣಿ ಅಂಗಡಿ. ಅವ್ವನ ಕೆಂಪು ಚೀಲ ಕಂಡರೆ ಮಾಮಾ ಅದನ್ನು ಬಾದಾಮಿ ಬಸ್ಸಿಗೆ ಹಾಕುತ್ತಿದ್ದ. ಒಂದು ಸಲ ಮಾತ್ರ, ಶೈಲಾಳಿಗೆಂದು ಹೊರಟ ಮಾವಿನ ಉಪ್ಪಿನಕಾಯಿ ತನಗೇ ಬಂದದ್ದಿರಬಹುದೆಂದು ಯೋಚಿಸಿ, ಯೋಚಿಸಿದಂತೆಯೇ ತಿಂದು ಮುಗಿಸಿದ. ಈ ಬೇಸಿಗೆ ರಜೆಯಲ್ಲಿ ನಾನು ಅದಕ್ಕೆ ಶಾಸ್ತ್ರೋಕ್ತ ಪರಿಹಾರ ಮಾಡಿದೆ. ಪಟ್ಟಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಗುಡೂರಿನ ಅಂಗಡಿಯಲ್ಲಿ ಬೆಲ್ಲದ ಡಬ್ಬಿಯ ಮೇಲೆ ಅಂಟಿಸಿದೆ. ಗುಡೂರು ಎಂದು ಬರೆದಿದ್ದರೆ ಇಟ್ಟುಕೊಳ್ಳುವುದು. ಬಾದಾಮಿ ಎಂದು ಬರೆದಿದ್ದರೆ ಬಾದಾಮಿ ಬಸ್ಸಿಗೆ. ಉಳಿದದ್ದೆಲ್ಲ ಹುನಗುಂದಕ್ಕೆ. "ಮಾಮಾ, ಇನ್ನ ಮ್ಯಾಲೆ ನೀವು ತಲಿ ಓಡಸಬ್ಯಾಡ್ರಿ. ಚೀಟಿ ನೋಡಿದ್ರ ಸಾಕು" ಎಂದೆ. ರೌಟರಿಗಾದರೆ ಇಂಥ ಮಾತಿನಿಂದ ಬೇಸರವಾಗುವುದಿಲ್ಲ.

ಮಾಮಾ ಕನ್ನಡಕ ಏರಿಸಿ ಮೂರನೇ ಸಾಲನ್ನು ಎರಡು ಸಲ ಓದಿದ. "ಉಳದದ್ದೆಲ್ಲ ಹುನಗುಂದಕ್ಕ ಅಂದ್ರ ಹೆಂಗವಾ ಗಿರಿಜವ್ವಾ? ನಮಗ ತಿಳೀಲಾರದ್ದು ಆ ಸಂಗಪ್ಪಗ ತಿಳೀತೈತಿ ಅಂದಂಗಾತು."

ಇದು ಬರೀ ಚೀಲದ ಮಾತಲ್ಲ, ತಾಯಿಯ ಕಡೆಯವರು ಮತ್ತು ತಂದೆಯ ಕಡೆಯವರ ಮಾತು. ನಮ್ಮ ಅಪ್ಪ ಅವ್ವನ ಮದುವೆಯಲ್ಲಿ ಮೊದಲು ಯಾರಿಗೆ ಎಲೆ ಹಾಕಿದರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮಾಮಾನ ಮುಖ ಸಣ್ಣದಾಯಿತು. "ಇಲ್ಲ ಮಾಮಾ, ಹುನಗುಂದದ ಚೀಟ್ಯಾಗ ಉಳದದ್ದೆಲ್ಲ ಗುಡೂರಿಗೆ ಅಂತ ಬರೀತೇನಿ" ಎಂದೆ. ಮಾಮಾನ ಮುಖ ಅರಳಿತು. ಹುನಗುಂದಕ್ಕೆ ಹೋಗಿ ಹಾಗೆಯೇ ಬರೆದು ಕಾಕಾನ ಪಂಕ್ಚರ್ ಡಬ್ಬಿಯ ಮೇಲೆ ಅಂಟಿಸಿ ಬಂದೆ. ಅಲ್ಲಿಗೆ ಇಬ್ಬರ ಮರ್ಯಾದೆಯೂ ಸಮಸಮ ಉಳಿಯಿತು.

ನೆಟ್‌ವರ್ಕಿನ ಗಂಧ ಇದ್ದವರು ಇಷ್ಟು ಹೊತ್ತಿಗೆ ಹಣೆ ಬಡಿದುಕೊಂಡಿರುತ್ತಾರೆ. ಎರಡು ರೌಟರುಗಳ ಡಿಫಾಲ್ಟ್ ರೂಟು ಒಂದಕ್ಕೊಂದು ಮುಖ ಮಾಡಿದರೆ, ವಿಳಾಸ ಗೊತ್ತಿಲ್ಲದ ಪ್ಯಾಕೆಟ್ಟು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಓಡಾಡುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿಗಳನ್ನು ನಾನು ಕೆಂಪು ಶಾಯಿಯಲ್ಲಿ ಮುಳುಗಿಸಿದ್ದೇನೆ. ಅಲ್ಲ, ನನಗೆ ಗೊತ್ತಿರಲಿಲ್ಲವೆಂದಲ್ಲ. ಊರ ಹೆಸರು ಬರೆಯದೆ ಯಾರು ತಾನೇ ಚೀಲ ಕಳಿಸುತ್ತಾರೆ ಎಂದುಕೊಂಡೆ. ಪ್ಯಾಕೆಟ್ಟಿನ ಪುಣ್ಯವೆಂದರೆ ಅದರ ಹಣೆಯ ಮೇಲೆ ಒಂದು ಅಂಕಿ ಬರೆದಿರುತ್ತದೆ. ಪ್ರತಿ ರೌಟರೂ ಅದರಲ್ಲಿ ಒಂದು ಕಳೆಯುತ್ತದೆ, ಸೊನ್ನೆಗೆ ಬಂದಾಗ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಇಲ್ಲದಿದ್ದರೆ ಲೋಕದ ತಂತಿಗಳ ತುಂಬ ಗತಿಯಿಲ್ಲದ ಪ್ಯಾಕೆಟ್ಟುಗಳೇ ಅಲೆದಾಡುತ್ತಿದ್ದವು.

ನಾನು ಫೋನು ಮಾಡಿ ಹೇಳಿದಂತೆ ಅವ್ವ ಗುರುವಾರ ಸೀರೆ ಕಳಿಸಿದಳು. ಕೆಂಪು ಚೀಲ ಹರಿದಿತ್ತೆಂದು ಹೊಸ ಬಿಳಿ ಚೀಲದಲ್ಲಿ ಹಾಕಿ, ಬಾಯಿಯನ್ನು ದಬ್ಬಣದಿಂದ ಹೊಲಿದು, ಗುಡೂರು ಬಸ್ಸಿಗೆ ಕೊಟ್ಟಳು. ಮೇಲೆ ಹೆಸರಿಲ್ಲ, ಊರಿಲ್ಲ. ಬರೆದರೆ ಯಾರಿಗೆ, ಯಾಕೆ ಎಂದು ಪ್ರಶ್ನೆ ಬರುತ್ತದೆ, ಕುಬಸದ ಸುದ್ದಿ ಬಯಲಾಗುತ್ತದೆ ಎಂದು ಅವಳ ಎಣಿಕೆ. ಗುರಪ್ಪನಿಗೆ ನನ್ನ ಚೀಲ ಗೊತ್ತಾಗುವುದಿಲ್ಲವೇ ಎಂಬ ಭರವಸೆ ಬೇರೆ.

ಶುಕ್ರವಾರ ಶೈಲಾ ಫೋನು ಮಾಡಿ ಬಂದಿಲ್ಲ ಎಂದಳು. ಬರುತ್ತದೆ ಎಂದೆ. ಶನಿವಾರ ಮಧ್ಯಾಹ್ನ ಮತ್ತೆ ಫೋನು. ಸ್ಟಾಫ್ ರೂಮಿನಿಂದಲೇ ಗುಡೂರಿಗೆ ಹಚ್ಚಿದೆ.

"ಬಿಳಿ ಚೀಲ ಏನವಾ? ಬಂದಿತ್ತಲ್ಲ. ಹುನಗುಂದಕ್ಕ ಕಳಿಸೀನಿ" ಎಂದ ಮಾಮಾ.

"ಯಾಕ ಮಾಮಾ?"

"ಊರ ಹೆಸರಿಲ್ಲ. ಉಳದದ್ದೆಲ್ಲ ಹುನಗುಂದಕ್ಕ. ನೀನ ಬರದೀಯಲ್ಲ?"

ಹುನಗುಂದಕ್ಕೆ ಹಚ್ಚಿದೆ. "ಬಿಳಿ ಚೀಲಾ? ಈಗ ಗುಡೂರ ಬಸ್ಸಿಗೆ ಹಾಕೀನಿ ನೋಡವಾ" ಎಂದ ಕಾಕಾ. "ಅಲ್ಲ ಗಿರಿಜಾ, ಈ ಗುರಪ್ಪಗ ಏನಾಗೈತಿ? ಗುರುವಾರದಿಂದ ಒಂದಸವನ ನಮಗ ಗಂಟು ಕಳಸಾಕ್ಹತ್ಯಾನ. ಸಾಕು ಅಂತ ಹೇಳಿಬಿಡು ಅವಗ. ಕಾಕೂಗ ಹೋಳಿಗಿ ಬೇಸಿ ಬೇಸಿ ಸಾಕಾಗೇತಿ."

ಗಂಟು? ಯಾವ ಗಂಟು? ಬಿಡಿಸಿ ಕೇಳಿದೆ. ಗುರುವಾರ ಸಂಜೆ ಚೀಲ ಹುನಗುಂದಕ್ಕೆ ಬಂದಾಗ, ಚೀಟಿ ನೋಡಿ ಗುಡೂರಿಗೆ ವಾಪಸು ಕಳಿಸಬೇಕೆಂದು ಕಾಕಾ ಹೊರಟ. ಅವನ ಹೆಂಡತಿ ಕಾಕು ತಡೆದಳು. ಬೀಗರ ಊರಿಗೆ ಹೋಗುವ ಚೀಲ, ಜೊತೆಗೆ ಏನೂ ಇಡದೆ ಬೋಳಾಗಿ ಕಳಿಸುವುದೇ? ನಮ್ಮಲ್ಲಿ ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ಕೊನೆಗೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಕಾಕು ಹತ್ತು ಶೇಂಗಾ ಹೋಳಿಗೆ ಗಂಟು ಕಟ್ಟಿ ಚೀಲದ ಕಿವಿಗೆ ಬಿಗಿದಳು. ಶುಕ್ರವಾರ ಅದು ಗುಡೂರಿಗೆ ಬಂದಾಗ ಮಾಮಿ ನೋಡಿದಳು, ಹುನಗುಂದದವರು ಹೋಳಿಗೆ ಕಳಿಸಿದ್ದಾರೆ. ಚೀಟಿಯ ಪ್ರಕಾರ ಚೀಲ ಮತ್ತೆ ಹುನಗುಂದಕ್ಕೇ ಹೋಗಬೇಕು. ಹೋಳಿಗೆ ಉಂಡವರು ಸುಮ್ಮನಿರಲಾದೀತೇ? ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿಯ ಗಂಟು ಬಂತು. ಅದಕ್ಕೆ ಪ್ರತಿಯಾಗಿ ಹುನಗುಂದದಿಂದ ಕರದಂಟು. ಅದಕ್ಕೆ ಪ್ರತಿಯಾಗಿ ಗುಡೂರಿನಿಂದ ಹೊಲದ ಕುಂಬಳಕಾಯಿ. ಆಮೇಲೆ ಎರಡೂ ಕಡೆಯವರಿಗೆ ಛಲ ಹತ್ತಿ, ಬಂದ ಗಂಟು ಬಿಚ್ಚದೆ ಅದರ ಮೇಲೆ ಇನ್ನೊಂದು ಕಟ್ಟಿ ಕಳಿಸತೊಡಗಿದರು. ಹೊಲಿದ ಬಿಳಿ ಚೀಲವನ್ನಂತೂ ಯಾರೂ ಮುಟ್ಟಲಿಲ್ಲ. ಹೊಲಿದದ್ದನ್ನು ಬಿಚ್ಚಿ ನೋಡುವುದು ಮರ್ಯಾದಸ್ಥರ ಕೆಲಸವಲ್ಲ.

ಸುತ್ತಿದಷ್ಟೂ ಪ್ಯಾಕೆಟ್ಟಿನ ಆಯುಷ್ಯ ಒಂದೊಂದೇ ಕಡಿಮೆಯಾಗುತ್ತದೆ ಎಂದು ಶಾಸ್ತ್ರ. ನಮ್ಮ ಕಡೆಯ ಪ್ಯಾಕೆಟ್ಟು ಸುತ್ತಿದಷ್ಟೂ ಮೈ ತುಂಬಿಕೊಳ್ಳುತ್ತದೆ. ಇದನ್ನು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ.

ಇನ್ನು ಮುಂದೆ ಯಾರ ಕೈಗೆ ಬರುತ್ತದೋ ಅವರು ಅಲ್ಲೇ ಹಿಡಿದಿಟ್ಟುಕೊಳ್ಳಿ ಎಂದು ಇಬ್ಬರಿಗೂ ಅಂಗಲಾಚಿದೆ. "ಹಿಡದಿಡೂದು ಅಂತ ಚೀಟ್ಯಾಗ ಇಲ್ಲಲ್ಲವಾ" ಎಂದ ಮಾಮಾ. ಬೇಸಿಗೆಯ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ. ಕೊನೆಗೆ ಒಪ್ಪಿದ. ಸಂಜೆಯವರೆಗೆ ಚೀಲ ಗುಡೂರಿಗೂ ಬರಲಿಲ್ಲ, ಹುನಗುಂದಕ್ಕೂ ಬರಲಿಲ್ಲ. ಅವ್ವನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ. ನಿನ್ನ ಸೀರೆ ಹೋಯಿತವ್ವಾ, ನಾನೇ ಕಳೆದೆ ಎಂದೆ. ಬೈಯುತ್ತಾಳೆಂದು ಕಾದೆ. "ಗುಡೂರ ಹುನಗುಂದದ ಬಸ್ಸು ನಮ್ಮ ಇಳಕಲ್ಲ ಸ್ಟ್ಯಾಂಡಿಗೆ ಬಂದ ಹೋಗತಾವಲ್ಲ?" ಎಂದು ಕೇಳಿದಳು. ಹೌದು ಎಂದೆ. "ಹೌದೇನು" ಎಂದು ಫೋನು ಇಟ್ಟುಬಿಟ್ಟಳು.

ಭಾನುವಾರ ಬೆಳಿಗ್ಗೆ ಬಾದಾಮಿಗೆ ಹೋದೆ. ಕೈಯಲ್ಲಿ ಬಳೆ, ಹೂವು, ಐದು ಥರದ ಹಣ್ಣು, ಎಲ್ಲ ಇತ್ತು, ಬೇಕಾದದ್ದು ಇರಲಿಲ್ಲ. ಶೈಲಾ ಸೀರೆಯಿಲ್ಲದ ನನ್ನ ಕೈ ನೋಡಿ ಮುಖ ತಿರುಗಿಸಲಿಲ್ಲ, ಅಳಲಿಲ್ಲ. "ಆತು ಬಿಡಕ್ಕ" ಎಂದಳು. ಬರ್ಫಕ್ಕೆ ಪೇಟೆಯಲ್ಲಿ ಮಲಗುತ್ತಿದ್ದವಳು ಹಟವನ್ನೇ ಬಿಟ್ಟಿದ್ದಳು. ಹತ್ತಾಯಿತು, ಹನ್ನೊಂದಾಯಿತು. ಅತ್ತೆ ಮಣೆ ಹಾಕಿ, ರಂಗೋಲಿ ಬಿಟ್ಟು, ಗಡಿಯಾರ ನೋಡುತ್ತಿದ್ದರು. ರೇಷ್ಮೆ ಸೀರೆಯ ಮಡಿಕೆ ಬಿಚ್ಚಿ ಶೈಲಾ ಒಳಗೆ ಹೊರಟಳು.

ಆಗ ಓಣಿಯಲ್ಲಿ ಗದ್ದಲವೆದ್ದಿತು. ಮೊದಲು ಕಂಡದ್ದು ಮಂಗಗಳು. ಬಾದಾಮಿಯ ಮಂಗಗಳಿಗೆ ಬುತ್ತಿಯ ವಾಸನೆ ಮೈಲಿಯಾಚೆಯಿಂದ ಹತ್ತುತ್ತದೆ. ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಇಡೀ ಸಂಸಾರವೇ ಬರುತ್ತಿತ್ತು. ಅವುಗಳ ಕೆಳಗೆ ಒಂದು ಆಟೋ. ಆಟೋದ ತುಂಬ ಗಂಟುಗಳು, ಗಂಟುಗಳ ನಡುವೆ ಕುಂಬಳಕಾಯಿ, ಕುಂಬಳಕಾಯಿಯ ಪಕ್ಕದಲ್ಲಿ ಬಿಳಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೋಲು ಬೀಸುತ್ತ ಕೂತ ಅವ್ವ.

ಆಟೋ ನಿಂತಿತು. ಅವ್ವ ಯಾರ ಕೈಯನ್ನೂ ಹಿಡಿಯದೆ ಇಳಿದಳು. "ಏಳು ಗಂಟು ಇದ್ವು. ಒಂದ ಮಂಗ್ಯಾ ಒಯ್ತು. ಕರದಂಟು ಇತ್ತು, ಹಾಳಾಗಲಿ" ಎಂದು ಸೆರಗು ಕೊಡವಿದಳು.

ಮುಂಜಾನೆ ಏಳಕ್ಕೇ ಇಳಕಲ್ಲಿನ ಸ್ಟ್ಯಾಂಡಿಗೆ ಹೋಗಿ ನಿಂತಿದ್ದಳಂತೆ. ಚೀಲವನ್ನು ಹೊತ್ತ ಬಸ್ಸು ಶನಿವಾರ ಕೆಟ್ಟು ಅಲ್ಲೇ ನಿಂತಿತ್ತು. ಕಂಡಕ್ಟರು ಇವಳನ್ನು ನೋಡಿ, "ಇದು ನಿಮ್ಮದೇನು ಯವ್ವಾ? ಪುಣ್ಯಾತ್ಮರು ಮೂರು ದಿನದಿಂದ ಇದನ್ನ ಆ ಕಡಿ ಈ ಕಡಿ ಒಯ್ಯಾಕ ಹಚ್ಯಾರ. ಇನ್ನೊಂದು ಗಂಟು ಕಟ್ಟಿದ್ರ ನಾ ಬಸ್ಸ ಬಿಟ್ಟ ಓಡಿ ಹೋಗಾಂವಿದ್ದೆ" ಎಂದು ಕೈಮುಗಿದನಂತೆ. ಗುಡೂರಿನ ಮೇಲೆ ಬಾದಾಮಿಗೆ ಹೋಗುವ ಬಸ್ಸು ಅಲ್ಲೇ ನಿಂತಿತ್ತು. ಹತ್ತಿ ಬಂದಿದ್ದಳು. ಅಷ್ಟೇ.

"ಅವ್ವಾ, ನಿನ್ನ ಮೊಣಕಾಲು?" ಎಂದೆ ನಾನು.

"ಅದಕ್ಕೇನಾಗೈತಿ? ಆರಾಮಾಗಿ ಎರಡು ವರ್ಷಾತು."

"ಮತ್ತ ಯಾಕ ಒಂದು ಮಾತು ಹೇಳ್ಲಿಲ್ಲ? ಕುಬಸಕ್ಕ ಬರ್ತೇನಿ ಅನ್ನಬೇಕಿಲ್ಲೋ?"

ಅವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ಸೀರಿ ಕಳಸು ಅಂದ್ರಿ, ಕಳಿಸಿದೆ. ಬಾ ಅಂತ ಯಾರಂದ್ರಿ?"

ಓಣಿಯಲ್ಲಿ ಮಂಗಗಳು ಕಿಚಿಗುಡುತ್ತಿದ್ದವು. ಅವ್ವ ಎಲ್ಲಿಗೂ ಬರುವುದಿಲ್ಲ ಎಂಬ ಸಾಲನ್ನು ಬರೆದವಳು ನಾನೇ. ಮೂರು ವರ್ಷದ ಹಿಂದೆ ಯಾರದೋ ಮದುವೆಯ ಕರೆ ಬಂದಾಗ, ಅವಳ ಕಾಲು ನೋಯುತ್ತಿದ್ದದ್ದು ನಿಜವಿದ್ದಾಗ, ನಾನೇ ಎಲ್ಲರಿಗೂ ಹಾಗೆ ಹೇಳಿದ್ದೆ. ಆಮೇಲೆ ಗೃಹಪ್ರವೇಶಗಳು ಬಂದವು, ತೊಟ್ಟಿಲುಗಳು ಬಂದವು, ಜಾತ್ರೆ ಹಬ್ಬ ಬಂದವು. ಪ್ರತಿ ಸಲವೂ ಆ ಸಾಲು ನೋಡಿಯೇ ಅವಳ ಪಾಲಿನ ಊಟವನ್ನು ಡಬ್ಬಿಯಲ್ಲಿ ಕಳಿಸಿದೆವು. ಕಾಲು ಹೇಗಿದೆ ಎಂದು ಫೋನಿನಲ್ಲಿ ನಾನು ಕೇಳುತ್ತಿದ್ದೆ, ಸುಳ್ಳಲ್ಲ. "ಐತಿ" ಎನ್ನುತ್ತಿದ್ದಳು. ಆ ಒಂದು ಮಾತಿಗೆ ಎಷ್ಟು ಅರ್ಥಗಳಿರಬಹುದೆಂದು ಯೋಚಿಸದೆ ನನಗೆ ಅನುಕೂಲವಾದದ್ದನ್ನು ತೆಗೆದುಕೊಂಡು ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ನನಗೆ ನಾಚಿಕೆಯಾಯಿತು. ಇದಕ್ಕಿಂತ ಸುತ್ತಿ ಹೇಳುವುದರಲ್ಲಿ ಅರ್ಥವಿಲ್ಲ.

ಶೈಲಾ ಅರ್ಧ ಬಿಚ್ಚಿದ ರೇಷ್ಮೆ ಸೀರೆಯನ್ನು ಹಾಗೇ ಬಿಟ್ಟು ಹೊರಗೆ ಬಂದಳು. ತುಂಬು ಹೊಟ್ಟೆ ಹೊತ್ತು ಅವ್ವನ ಕೊರಳಿಗೆ ಬೀಳಲು ಹೋಗಿ, ಹೊಟ್ಟೆ ಅಡ್ಡ ಬಂದು, ಪಕ್ಕದಿಂದ ಹಿಡಿದುಕೊಂಡಳು. ಇಬ್ಬರೂ ಅತ್ತರು, ನಾನೂ ಅತ್ತೆ. ಶೈಲಾಳ ಅತ್ತೆ ಮಾತ್ರ ಗಡಿಯಾರ ನೋಡಿ, "ಅಳೂದು ಒಂದು ಗಂಟಿ ಮ್ಯಾಲ ಇಟ್ಕೊಳ್ರಿ, ಹನ್ನೆರಡಕ್ಕ ಇಪ್ಪತ್ತು ನಿಮಿಷ ಐತಿ" ಎಂದು ಬಿಳಿ ಚೀಲದ ಹೊಲಿಗೆಗೆ ಕತ್ತರಿ ಹಾಕಿದರು. ಅವ್ವ ತಾನೇ ನೆರಿಗೆ ಹಿಡಿದು ಉಡಿಸಿದಳು. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ತಾಯಿಯ ಕೈಯಿಂದಲೇ ಉಡಿ ತುಂಬಿತು. ಆ ಸೀರೆಯಲ್ಲಿ ಶೈಲಾ ಹೇಗೆ ಕಾಣುತ್ತಿದ್ದಳೆಂದರೆ, ನನಗೆ ಸೀರೆ ಕಾಣಲೇ ಇಲ್ಲ, ಅವ್ವನನ್ನು ಬಿಟ್ಟು ಆಚೆ ಈಚೆ ನೋಡದ ಅವಳ ಮುಖವೇ ಕಂಡಿತು. ಊಟಕ್ಕೆ ಅಡಿಗೆ ಮಾಡಿದ್ದೇ ದಂಡವಾಯಿತು. ಗುಡೂರು ಹುನಗುಂದಗಳ ಆರು ಗಂಟು ಬಿಚ್ಚಿ ಓಣಿಯ ಜನರೆಲ್ಲ ಉಂಡರು. ಗುಟ್ಟಿನ ಕುಬಸ ಹೀಗೆ ಬಾದಾಮಿಯ ಮಂಗಗಳಿಗೂ ಗೊತ್ತಾಯಿತು.

ಮಧ್ಯಾಹ್ನ ಅವ್ವನನ್ನು ಬಸ್ ಸ್ಟ್ಯಾಂಡಿಗೆ ಕರೆತಂದೆ. ಇಳಕಲ್ಲಿನ ಬಸ್ಸು ಮೂರಕ್ಕಿದೆ, ಗುಡೂರಿನಲ್ಲಿ ಇಳಿಯಬೇಡ, ಕಂಡಕ್ಟರಿಗೆ ನಾನೇ ಹೇಳುತ್ತೇನೆ ಎಂದು ಮತ್ತೆ ಶುರು ಹಚ್ಚಿಕೊಂಡೆ.

"ನಾ ಈಗ ಇಳಕಲ್ಲಿಗೆ ಹೋಗಂಗಿಲ್ಲ" ಎಂದಳು. "ಕೂಡಲಸಂಗಮಕ್ಕ ಹೋಗ್ತೇನಿ. ಹೊಳಿ ನೋಡಿ ಭಾಳ ದಿನಾತು."

"ಇಲ್ಲಿಂದ ಸೀದಾ ಬಸ್ಸೈತೇನು ಅಲ್ಲಿಗೆ?"

"ಯಾರಿಗ್ಗೊತ್ತು? ಇಲ್ಲಂದ್ರ ಬಾಗಲಕೋಟಿಗೆ ಹೋಗಿ ಅಲ್ಲಿ ಕೇಳ್ತೇನಿ."

"ಅಲ್ಲೂ ಇಲ್ಲಂದ್ರ?"

"ಅವರು ಹೇಳಿದಲ್ಲಿಗೆ ಹೋಗಿ ಅಲ್ಲಿ ಕೇಳ್ತೇನಿ. ಬಾಯಿ ಇಲ್ಲೇನು ನನಗ?"

ಹದಿನೆಂಟು ವರ್ಷ ನಾನು ಬೋರ್ಡಿನ ಮೇಲೆ ಬಾಣಗಳನ್ನು ಎಳೆದೆಳೆದು ಹೇಳಿದ್ದು ಇಷ್ಟನ್ನೇ. ಅಷ್ಟರಲ್ಲಿ ಬಾಗಲಕೋಟೆಯ ಬಸ್ಸು ಬಂತು. ಅವ್ವ ನುಗ್ಗಿ ಹತ್ತಿ, ಕಿಟಕಿಯ ಸೀಟು ಹಿಡಿದು, ಪಕ್ಕದ ಸೀಟಿನ ಮೇಲೆ ಖಾಲಿ ಬಿಳಿ ಚೀಲ ಇಟ್ಟಳು. ಬಾಗಲಕೋಟೆಯ ತನಕ ನನಗೂ ಅದೇ ಬಸ್ಸು, ಸಂಗಮದ ತನಕ ಅಲ್ಲ ಎಂದು ಲೆಕ್ಕ ಹಾಕುತ್ತ ನಾನು ಕೆಳಗೇ ನಿಂತಿದ್ದೆ. ನನಗೆ ಸೋಮವಾರ ಪರೀಕ್ಷೆಯ ಡ್ಯೂಟಿಯಿದೆ, ತಿದ್ದದ ಪೇಪರುಗಳಿವೆ, ಮನೆಯಲ್ಲಿ ಉಪ್ಪಿನ ಡಬ್ಬಿ ಕಾಣದ ಗಂಡ ಇದ್ದಾರೆ. ಗಿರಿಜಾಗೆ ಪುರಸೊತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕೇ ನನ್ನನ್ನೂ ಯಾರೂ ಎಲ್ಲಿಗೂ ಕರೆಯುವುದಿಲ್ಲ.

ಅವ್ವ ಕಿಟಕಿಯಿಂದ ತಲೆ ಹೊರಹಾಕಿದಳು.

"ಹೊಳಿ ನೋಡಾಕ ನೀ ಬರ್ತೀಯೇನು?" ಎಂದು ಕೇಳಿದಳು.

ಬಸ್ಸು ಹತ್ತಿ, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತೆ.